ಒಂದು ಬಲ್ಬಿಗೆ ಎಷ್ಟು ಕೊಡ ನೀರು?

ಆರಿಸಿದ ದೀಪ ಆರುತ್ತಿಲ್ಲ ಎಂದು ಅಮ್ಮ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. ನಾನು ಮೈಸೂರಿನಲ್ಲಿ, ಅಮ್ಮ ಸಾಗರದ ಹತ್ತಿರದ ಊರಿನಲ್ಲಿ. "ಸ್ವಿಚ್ ಆರಿಸಿ ಅರ್ಧ ಗಂಟೆಯಾಯಿತು. ನಡುಮನೆಯ ಬಲ್ಬು ಇನ್ನೂ ಮಿಣಮಿಣ ಅನ್ನುತ್ತಿದೆ. ನಾಳೆ ಅಮಾವಾಸ್ಯೆ ಬೇರೆ. ನೀನೇ ಹಾಕಿ ಹೋದ ಬಲ್ಬು ಮಾರಾಯ ಇದು" ಎಂದರು. ಕೊನೆಯ ಮಾತಿನಲ್ಲಿ ದೆವ್ವದ ಭಯಕ್ಕಿಂತ ಮಗನ ಮೇಲಿನ ಆಕ್ಷೇಪವೇ ಹೆಚ್ಚಿತ್ತು.

ಅದು 2016. ರಾಜ್ಯದಲ್ಲಿ 'ಹೊಸ ಬೆಳಕು' ಯೋಜನೆ ಶುರುವಾಗಿ ಕೆಲವು ತಿಂಗಳಾಗಿತ್ತು. ಕೇಂದ್ರದ ಉಜಾಲಾ ಯೋಜನೆಗೆ ನಮ್ಮಲ್ಲಿ ಇಟ್ಟ ಹೆಸರು ಅದು. ಕರೆಂಟ್ ಬಿಲ್ ತೋರಿಸಿದರೆ 9 ವಾಟ್‌ನ ಎಲ್‌ಇಡಿ ಬಲ್ಬು ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತಿತ್ತು. ಹತ್ತು ಬಲ್ಬು ಕೊಂಡು, ಊರಿಗೆ ಹೋಗಿ, ಒಂದು ಭಾನುವಾರ ಏಣಿ ಹಾಕಿ ಮನೆಯ ಬುರುಡೆ ಬಲ್ಬುಗಳನ್ನೆಲ್ಲ ಕಳಚಿ ಹೊಸದನ್ನು ಸಿಕ್ಕಿಸಿದ್ದೆ. ಏನೋ ಘನಕಾರ್ಯ ಮಾಡಿದವನಂತೆ ಮರುದಿನ ಮೈಸೂರಿನ ಬಸ್ಸು ಹತ್ತಿದ್ದೆ.

ಮರುದಿನ ಬೆಳಗ್ಗೆ ಊರಿನ ವೈರ್‌ಮನ್ ಬಂದು ಟೆಸ್ಟರ್ ಹಿಡಿದು ನೋಡಿದರಂತೆ. "ಬಲ್ಬಿನ ತಪ್ಪಲ್ಲ ಅಮ್ಮಾ. ವೈರಿಂಗ್ ಮಾಡಿದವರು ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿದ್ದಾರೆ. ಫೇಸ್ ನೇರವಾಗಿ ಹೋಲ್ಡರಿಗೇ ಹೋಗಿದೆ. ನೀವು ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ" ಎಂದರಂತೆ. ಮನೆಗೆ ವೈರಿಂಗ್ ಆದದ್ದು 1986ರಲ್ಲಿ. ಅಂದರೆ ಮೂವತ್ತು ವರ್ಷ ಅಪ್ಪಯ್ಯ ಸ್ಟೂಲು ಹತ್ತಿ, ಸ್ವಿಚ್ ಆರಿಸಿದ ಧೈರ್ಯದ ಮೇಲೆ ಬಲ್ಬು ಬದಲಿಸುತ್ತಿದ್ದದ್ದೆಲ್ಲ ಜೀವಂತ ಹೋಲ್ಡರಿನಲ್ಲಿ! ಎಷ್ಟೋ ಸಲ ಅವರಿಗೆ 'ಜುಂ' ಎಂದಿತ್ತು. ಮಳೆಗಾಲದ ತೇವಕ್ಕೆ ಹಾಗಾಗುತ್ತದೆ ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಗೋಡೆಯೊಳಗೆ ಅಕ್ಕಪಕ್ಕ ಓಡುವ ತಂತಿಗಳ ನಡುವೆ ಎಲ್ಲೋ ಒಂದಿಷ್ಟು ಸೋರಿಕೆ ಇರುತ್ತದೆ. ಬುರುಡೆ ಬಲ್ಬಿನ ತಂತಿಯನ್ನು ಬೆಚ್ಚಗೆ ಮಾಡಲೂ ಅದು ಸಾಲದು. ಎಲ್‌ಇಡಿ ಬಲ್ಬಿನ ಒಳಗಿರುವ ಕೆಪ್ಯಾಸಿಟರ್ ಮಾತ್ರ ಆ ಹನಿಯನ್ನೂ ಸಂಗ್ರಹಿಸಿ ಮಿಣುಕುತ್ತದೆ. ಸ್ವಿಚ್ ಬೋರ್ಡಿನಲ್ಲಿ ಕೆಂಪಗೆ ಉರಿಯುವ ಪುಟ್ಟ ಇಂಡಿಕೇಟರ್ ಇದ್ದರೂ ಕೆಲವೊಮ್ಮೆ ಹೀಗಾಗುತ್ತದೆ. ಅಷ್ಟು ಅಲ್ಪದಲ್ಲಿ ಉರಿಯಬಲ್ಲ ದೀಪ ಬಂದದ್ದರಿಂದಲೇ ನಮ್ಮ ಮನೆಯ ಹಳೆಯ ತಪ್ಪು ಬೆಳಕಿಗೆ ಬಂತು. ನಿಮ್ಮ ಮನೆಯಲ್ಲೂ ಆರಿಸಿದ ಎಲ್‌ಇಡಿ ಮಿಣುಕುತ್ತಿದ್ದರೆ ಬಲ್ಬನ್ನು ಬೈಯುವ ಮೊದಲು ಬಲ್ಲವರಿಂದ ಸ್ವಿಚ್ಚನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಅಮ್ಮನಿಗೆ ಈ ವಿವರಣೆಯಿಂದ ಸಮಾಧಾನವಾಗಲಿಲ್ಲ. ಅವರ ದೂರು ಇನ್ನೊಂದಿತ್ತು. "ಇರಲಿ, ದೆವ್ವ ಇಲ್ಲ ಅಂತಾಯಿತು. ಆದರೆ ಮನೆ ಆಸ್ಪತ್ರೆಯ ಹಾಗೆ ಕಾಣುತ್ತದಲ್ಲ, ಅದಕ್ಕೇನು ಮಾಡುವುದು?"

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಮ್ಮಮ್ಮನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಕರೆಂಟು ಉಳಿಸುವ ಮಾತು ಎತ್ತಿದರೆ ಅದು ಅಮ್ಮಮ್ಮನಲ್ಲಿಗೇ ಹೋಗಿ ನಿಲ್ಲುತ್ತದೆ.

ಅಮ್ಮಮ್ಮನ ತವರು ಶರಾವತಿಯ ದಂಡೆಯಲ್ಲಿತ್ತು. ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ತೋಟ, ಗದ್ದೆ, ಊರ ದೇವಸ್ಥಾನ ಎಲ್ಲ ಒಳಗೆ ಹೋದವು. ನಮ್ಮ ಕಡೆ ಅದಕ್ಕೆ ಒಂದೇ ಪದ: ಮುಳುಗಡೆ. "ಮುಳುಗಡೆಗೆ ಮೊದಲು", "ಮುಳುಗಡೆ ಆದ ಮೇಲೆ" ಎಂದು ಕಾಲವನ್ನೇ ಅದರಿಂದ ಅಳೆಯುತ್ತಿದ್ದ ತಲೆಮಾರು ಅದು. ಲಾರಿಯಲ್ಲಿ ಸಾಮಾನು ತುಂಬಿಸಿ ಕಾಡಿನ ನಡುವೆ ಇಳಿಸಿದ ಮನೆಗಳಿಗೆ ಹಕ್ಕುಪತ್ರದ ಜಗಳ ಇನ್ನೂ ಮುಗಿದಿಲ್ಲ. ನಾಡಿನ ದೀಪಕ್ಕಾಗಿ ಮನೆ ಬಿಟ್ಟವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ರಾತ್ರಿ ಕಳೆದರು.

ಅಮ್ಮಮ್ಮ ನಮ್ಮ ಮನೆಗೆ ಬಂದರೆ ಅವರಿಗೆ ಒಂದೇ ಕೆಲಸ, ಕೋಣೆ ಕೋಣೆ ತಿರುಗಿ ದೀಪ ಆರಿಸುವುದು. ಓದುತ್ತಾ ಕೂತವನು ನೀರು ಕುಡಿಯಲು ಎದ್ದು ಬರುವಷ್ಟರಲ್ಲಿ ಕತ್ತಲೆ. ಸಿಟ್ಟು ಮಾಡಿದರೆ, "ನಮ್ಮ ತೋಟದ ಮೇಲಿನ ನೀರು ಮಾಣಿ ಅದು. ಸುಮ್ಮನೆ ಯಾಕೆ ಖರ್ಚು ಮಾಡುತ್ತೀ?" ಎನ್ನುತ್ತಿದ್ದರು. ಮುದುಕಿಯ ಹಳಹಳಿಕೆ ಎಂದು ನಾವು ಮಕ್ಕಳು ನಗುತ್ತಿದ್ದೆವು.

ಎಷ್ಟೋ ವರ್ಷದ ಮೇಲೆ ಲೆಕ್ಕ ಹಾಕಿ ನೋಡಿದೆ. ಶರಾವತಿ ವಿದ್ಯುದಾಗಾರಕ್ಕೆ ನೀರು ಸುಮಾರು 440 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿಯುತ್ತದೆ. ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದು ಟರ್ಬೈನ್ ತಿರುಗಿಸಿದರೆ ಹುಟ್ಟುವುದು ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಆ ತುಸು ಹೆಚ್ಚಿನದು ತಂತಿಯ ದಾರಿಯಲ್ಲಿ ಸೋರಿಹೋಯಿತು ಎಂದಿಟ್ಟುಕೊಂಡರೆ, ಒಂದು ಯೂನಿಟ್‌ಗೆ ಸಾವಿರ ಲೀಟರ್ ನೀರು. ನಮ್ಮ ಬಾವಿಕಟ್ಟೆಯ ಹಿತ್ತಾಳೆ ಕೊಡ ಹದಿನೈದು ಲೀಟರಿನದು. 60 ವಾಟ್‌ನ ಬುರುಡೆ ಬಲ್ಬು ಸಂಜೆ ಐದು ಗಂಟೆ ಹೊತ್ತು ಉರಿದರೆ 300 ಲೀಟರ್, ಅಂದರೆ ಇಪ್ಪತ್ತು ಕೊಡ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟ್‌ನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ ಮೂರು ಕೊಡ.

ಇಪ್ಪತ್ತು ಕೊಡದ ಕೆಲಸ ಮೂರು ಕೊಡದಲ್ಲಿ. ವಿದ್ಯುತ್ ಉಳಿಸುವ ಬಲ್ಬಿನ ಪರವಾಗಿ ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ. ವರ್ಷಕ್ಕೆ ಒಂದು ಬಲ್ಬಿನಿಂದ 93 ಯೂನಿಟ್ ಉಳಿಯುತ್ತದೆ ಎಂಬುದೂ ಇದೇ ಲೆಕ್ಕ. ಆದರೆ ಯೂನಿಟ್ ಎಂದರೆ ಬಿಲ್ಲಿನ ಮೇಲಿನ ಅಂಕಿ. ಸೊಂಟದ ಮೇಲೆ ಕೊಡ ಹೊತ್ತವರಿಗೆ ಮಾತ್ರ ಹದಿನೇಳು ಕೊಡ ಎಂದರೇನು ಎಂದು ಗೊತ್ತು.

ಶರಾವತಿಯ ನೀರೇ ನಿಮ್ಮ ಮನೆಯ ಬಲ್ಬಿಗೆ ಬರುತ್ತದೆಯೇ ಎಂದು ಕೇಳಬಹುದು. ಜಾಲದಲ್ಲಿ ಎಲ್ಲ ಕರೆಂಟೂ ಬೆರೆತಿರುತ್ತದೆ, ನಿಜ. ಹಗಲಲ್ಲಿ ಪಾವಗಡದ ಬಿಸಿಲೂ ಇದೆ, ರಾಯಚೂರಿನ ಕಲ್ಲಿದ್ದಲೂ ಇದೆ. ಆದರೆ ದೀಪ ಹಚ್ಚುವ ಹೊತ್ತು ಯಾವುದು? ಸೂರ್ಯ ಮುಳುಗಿ ಸೌರ ವಿದ್ಯುತ್ತು ನಿಲ್ಲುವ ಹೊತ್ತು. ಆಗ ಎಲ್ಲರೂ ಒಮ್ಮೆಗೇ ಸ್ವಿಚ್ ಒತ್ತುತ್ತಾರೆ. ಬೇಡಿಕೆ ಏರಿದ ತಕ್ಷಣ ಎದ್ದು ನಿಲ್ಲಬಲ್ಲದ್ದು ಜಲವಿದ್ಯುತ್ತು. ಶರಾವತಿಯ 1,035 ಮೆಗಾವಾಟ್‌ನ ಯಂತ್ರಗಳಿಗೆ ಸಂಜೆಯ ಬೆಲೆ ಬಂದಿರುವುದೇ ಅದಕ್ಕೆ. ಅದೇ ಸಂಜೆಯ ಹಸಿವಿಗಾಗಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ, ಅಂದರೆ ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲಕ್ಕೆತ್ತಿಟ್ಟು ಬೇಡಿಕೆ ಏರಿದಾಗ ಇಳಿಸಿ ಕರೆಂಟು ಮಾಡುವುದು. ಸಿಂಗಳೀಕಗಳ ಕಾಡಿನ ನಡುವೆ ಬರುವ ಅದರ ವಿರುದ್ಧ ಹೋರಾಟವೂ ನಡೆದಿದೆ. ಬಲ್ಬು ಬದಲಿಸಿದರೆ ಯೋಜನೆ ನಿಂತುಹೋಗುತ್ತದೆ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೂ ಸಂಜೆ ಏಳು ಗಂಟೆಗೆ ಉಳಿಸಿದ ಒಂದು ಯೂನಿಟ್ಟೂ ಮಧ್ಯಾಹ್ನ ಉಳಿಸಿದ ಒಂದು ಯೂನಿಟ್ಟೂ ಒಂದೇ ಅಲ್ಲ ಎನ್ನುವುದು ನಮ್ಮ ಕಡೆಯವರಿಗಾದರೂ ತಿಳಿದಿರಬೇಕು.

ಇನ್ನು ಆಸ್ಪತ್ರೆಯ ಬೆಳಕಿನ ವಿಷಯ.

ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಎಂಟು ಬುರುಡೆ ಬಲ್ಬುಗಳಿದ್ದವು, ಹೆಚ್ಚಿನವು 40 ವಾಟ್‌ನವು. ಸಂಜೆ ಏಳಕ್ಕೆ ಊರಿನವರೆಲ್ಲ ದೀಪ ಹಾಕಿದೊಡನೆ ವೋಲ್ಟೇಜ್ ಬಿದ್ದು, ಬಲ್ಬಿನೊಳಗಿನ ತಂತಿ ಆರುವ ಕೆಂಡದ ಹಾಗೆ ಕಾಣುತ್ತಿತ್ತು. ಅದರ ಕೆಳಗೆ ಓದುವುದಕ್ಕಿಂತ ಅದನ್ನೇ ನೋಡುತ್ತ ಕೂರುವುದು ಸುಲಭ. ಪಕ್ಕದ ಮನೆಗೆ ಟ್ಯೂಬ್‌ಲೈಟ್ ಬಂದಾಗ ನೋಡಲು ಹೋಗಿದ್ದೆವು. ವೋಲ್ಟೇಜ್ ಇಲ್ಲದೆ ಅದು ಪಟಪಟನೆ ಮಿಟುಕುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಸ್ಟಾರ್ಟರ್ ತಿರುಗಿಸಿ, ಬೆರಳಿನಿಂದ ಕೊಳವೆಯನ್ನು ಮೀಟಿ, ಕೊನೆಗೆ ಹತ್ತಿದಾಗ ಎಲ್ಲರ ಮುಖದ ಮೇಲೂ ಬಿಳಿ ಬೆಳಕು. ಬಿಳಿ ಬೆಳಕೆಂದರೆ ಅನುಕೂಲಸ್ಥರ ಮನೆ ಎಂಬ ಭಾವನೆ ಅಂದೇ ನಮ್ಮ ತಲೆಯಲ್ಲಿ ಕೂತಿತು ಎಂದು ಕಾಣುತ್ತದೆ. ಇವತ್ತಿಗೂ ಅಂಗಡಿಗೆ ಹೋಗಿ ಹಳದಿ ಎಲ್‌ಇಡಿ ಕೇಳಿದರೆ, "ಅದರಲ್ಲಿ ಬೆಳಕು ಕಡಿಮೆ ಸಾರ್, ಬಿಳಿಯದು ತೆಗೆದುಕೊಳ್ಳಿ" ಎಂಬ ಉಪದೇಶ ತಪ್ಪುವುದಿಲ್ಲ.

ಡಬ್ಬಿಯ ಮೇಲೆ 6500ಕೆ ಎಂದಿದ್ದರೆ ನೀಲಿ ಬೆರೆತ ಬಿಳಿ, 2700ಕೆ ಅಥವಾ 3000ಕೆ ಎಂದಿದ್ದರೆ ಬುರುಡೆ ಬಲ್ಬಿನಂಥ ಹಳದಿ. ಅಂಕಿ ಹೆಚ್ಚಾದಷ್ಟೂ ಬೆಳಕು ಹೆಚ್ಚು ಎಂದಲ್ಲ, ತಣ್ಣಗಾಗುತ್ತದೆ ಎಂದರ್ಥ. ಬೆಳಕು ಎಷ್ಟು ಎಂದು ತಿಳಿಯಲು ನೋಡಬೇಕಾದದ್ದು ಲ್ಯುಮೆನ್. ನಾನು ಮೊದಲ ಸಲ ತಂದ ಹತ್ತೂ 6500ಕೆ ಬಲ್ಬುಗಳು. ಅಮ್ಮನಿಗೆ ಆಸ್ಪತ್ರೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎಲ್‌ಇಡಿಯ ಬಿಳಿ ನಿಜವಾಗಿ ಬಿಳಿಯೂ ಅಲ್ಲ. ಕೆಂಪು, ಹಸಿರು ಎಲ್‌ಇಡಿಗಳು ಬಹಳ ಹಿಂದೆಯೇ ಬಂದಿದ್ದವು. ರೇಡಿಯೋದ ಮೂಲೆಯಲ್ಲಿ ಉರಿಯುತ್ತಿದ್ದ ಕೆಂಪು ಚುಕ್ಕಿ ಅದೇ. ನೀಲಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ್ದಕ್ಕೆ ಇಸಾಮು ಅಕಾಸಾಕಿ, ಹಿರೋಷಿ ಅಮಾನೋ, ಶೂಜಿ ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆಯ ಬಲ್ಬಿನ ಒಳಗಿರುವುದು ನೀಲಿ ದೀಪವೇ. ಅದರ ಮೇಲೆ ಬಳಿದ ಹಳದಿ ಲೇಪ ನೀಲಿಯ ಒಂದಷ್ಟು ಭಾಗವನ್ನು ನುಂಗಿ ಹಳದಿಯಾಗಿ ಹೊರಬಿಡುತ್ತದೆ. ಎರಡೂ ಸೇರಿದಾಗ ಕಣ್ಣು ಅದನ್ನು ಬಿಳಿ ಎಂದುಕೊಳ್ಳುತ್ತದೆ. ಲೇಪ ತೆಳುವಾದರೆ ನೀಲಿ ಹೆಚ್ಚು. ರಾತ್ರಿಯ ಹೊತ್ತು ನೀಲಿ ಹೆಚ್ಚಿರುವ ಪ್ರಖರ ಬೆಳಕಿನಲ್ಲಿ ಕೂತರೆ ಮೆದುಳು ಇನ್ನೂ ಹಗಲೆಂದೇ ಭಾವಿಸಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡಮಾಡುತ್ತದೆ. ಮಲಗುವ ಕೋಣೆಗೆ 6500ಕೆ ಹಾಕಿಕೊಂಡು ನಿದ್ದೆ ಬರುವುದಿಲ್ಲ ಎಂದು ಗೊಣಗುವವರು ನನ್ನ ಪರಿಚಯದವರಲ್ಲೇ ಮೂವರಿದ್ದಾರೆ. ಅವರ ಕೈಯಲ್ಲಿ ಹನ್ನೊಂದು ಗಂಟೆಯವರೆಗೆ ಮೊಬೈಲೂ ಇರುತ್ತದೆ, ಆದ್ದರಿಂದ ಎಲ್ಲ ತಪ್ಪನ್ನೂ ಬಲ್ಬಿನ ಮೇಲೆ ಹೊರಿಸಲಾರೆ.

ಬಣ್ಣದ ವಿಚಾರದಲ್ಲಿ ನನಗೆ ನಿಜವಾದ ತಕರಾರಿದೆ. ನಮ್ಮದು ಕೆಂಪಡಿಕೆಯ ಸೀಮೆ. ಬೇಯಿಸಿ, ಚೊಗರು ಹಾಕಿ, ಒಣಗಿಸಿದ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ವಿಂಗಡಿಸುವಾಗ ಬಣ್ಣ ನೋಡುವ ಕಣ್ಣು ಬೇಕು. ಒಮ್ಮೆ ಮಂಡಿಗೆ ಹೋಗುವ ಅವಸರದಲ್ಲಿ ರಾತ್ರಿ ಜಗುಲಿಯಲ್ಲಿ ಹೊಸ ಬಲ್ಬಿನ ಕೆಳಗೆ ಅಡಿಕೆ ಆರಿಸಲು ಕೂತೆವು. ಒಳ್ಳೆಯ ಅಡಿಕೆಯೂ ಬೂದಿ ಬಳಿದಂತೆ ಮಂಕಾಗಿ ಕಂಡಿತು. ಅಮ್ಮ ಎರಡು ಹಿಡಿ ಆರಿಸಿ, "ಈ ದೀಪಕ್ಕೆ ಕೆಂಪು ಗೊತ್ತಿಲ್ಲ" ಎಂದು ಎದ್ದುಬಿಟ್ಟರು. ಅವರು ಹೇಳಿದ್ದು ಅಕ್ಷರಶಃ ಸರಿ. ಸಾಧಾರಣ ಎಲ್‌ಇಡಿಯ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಕೆಲವು ಡಬ್ಬಿಗಳ ಮೇಲೆ ಸಿಆರ್‌ಐ ಎಂದು ಒಂದು ಅಂಕಿ ಇರುತ್ತದೆ, ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಬುರುಡೆ ಬಲ್ಬಿಗೆ ಅದು 100, ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು, 90ಕ್ಕೆ ಮೇಲ್ಪಟ್ಟದ್ದಕ್ಕೆ ಬೆಲೆ ಜಾಸ್ತಿ. ರೇಷ್ಮೆ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುವ ಹೆಂಗಸರಿಗೆ ಈ ಅಂಕಿಯ ಪರಿಚಯವಿಲ್ಲದಿರಬಹುದು, ವಿಷಯ ಚೆನ್ನಾಗಿ ಗೊತ್ತು.

ನಡುವೆ ಬಂದುಹೋದ ಸಿಎಫ್‌ಎಲ್ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಹಾವಿನ ಸುರುಳಿಯಂಥ ಆ ದೀಪ ಹತ್ತು ಹದಿನೈದು ವರ್ಷ ನಮ್ಮ ಮನೆಗಳಲ್ಲಿ ಇತ್ತು. ಸ್ವಿಚ್ ಒತ್ತಿದರೆ ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ಬೆಳಗುತ್ತಿತ್ತು. ಪ್ರತಿಯೊಂದರ ಒಳಗೂ ಕೆಲವು ಮಿಲಿಗ್ರಾಂ ಪಾದರಸ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಬೇಕು, ಪೊರಕೆ ಹಾಕದೆ ರಟ್ಟಿನಿಂದ ಚೂರು ಎತ್ತಬೇಕು ಎಂಬುದು ನಮಗೆ ಗೊತ್ತಾದದ್ದು ನಾಲ್ಕಾರು ಒಡೆದು ಗುಡಿಸಿ ಎಸೆದ ಮೇಲೆ. ಕೆಟ್ಟವನ್ನು ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕು: ತೋಟದ ಅಂಚಿನ ಹೊಂಡಕ್ಕೆ ಹಾಕಿದೆವು. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು ಇಂಥ ಸಿಎಫ್‌ಎಲ್‌ಗಳ ತಯಾರಿಕೆಗೆ 2025ರ ಗಡುವು ಹಾಕಿಕೊಂಡವು. ಹೋದದ್ದೇ ಒಳ್ಳೆಯದಾಯಿತು. ಆ ಹೊಂಡದ ಬಳಿ ಈಗ ಒಂದು ಬಾಳೆ ಗಿಡವಿದೆ, ಅದರ ಗೊನೆಯನ್ನು ನಾನು ತಿನ್ನುವುದಿಲ್ಲ.

ಬಾಳಿಕೆಯ ವಿಚಾರಕ್ಕೆ ಬಂದರೆ ಡಬ್ಬಿಯ ಮೇಲೆ 25,000 ಗಂಟೆ ಎಂದು ಬರೆದಿರುತ್ತದೆ. ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷಕ್ಕೂ ಹೆಚ್ಚು. ನಾನು ಅನುಮಾನದ ಪ್ರಾಣಿ. ಅಂದು ಹಾಕಿದ ಹತ್ತೂ ಬಲ್ಬುಗಳ ಬುಡದಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಖು ಬರೆದಿದ್ದೆ. ನಾಲ್ಕು ಒಂದೇ ರಾತ್ರಿ ಹೋದವು, ಏಪ್ರಿಲಿನ ಮೊದಲ ಗುಡುಗು ಮಳೆಯ ಸಿಡಿಲಿಗೆ. ಮೊದಲು ಸಿಡಿಲು ಬಂದರೆ ಟಿವಿಯ ಪ್ಲಗ್ ಕಿತ್ತರೆ ಸಾಕಿತ್ತು. ಈಗ ಬಲ್ಬಿನ ಒಳಗೂ ಎಲೆಕ್ಟ್ರಾನಿಕ್ಸ್, ಅದಕ್ಕೂ ಸಿಡಿಲಿನ ಭಯ. ಬಚ್ಚಲಿನ ಮತ್ತು ಮೆಟ್ಟಿಲಿನ ಗಾಜಿನ ಗೋಳದೊಳಗೆ ಹಾಕಿದ್ದ ಎರಡು ಬಲ್ಬುಗಳು ಮೂರು ವರ್ಷವೂ ಬಾಳಲಿಲ್ಲ. ಗಾಳಿಯಾಡದ ಗೋಳದಲ್ಲಿ ಶಾಖ ನಿಲ್ಲುತ್ತದೆ, ಶಾಖಕ್ಕೆ ಕೆಪ್ಯಾಸಿಟರ್ ಒಣಗುತ್ತದೆ. ಎಲ್‌ಇಡಿ ಬಲ್ಬು ಸತ್ತಿತೆಂದರೆ ಬಹಳ ಸಲ ಸತ್ತಿರುವುದು ದೀಪವಲ್ಲ, ಅದಕ್ಕೆ ಕರೆಂಟು ಹದಮಾಡಿ ಕೊಡುವ ಡ್ರೈವರ್. ಇನ್ನೊಂದು ಯಾಕೆ ಹೋಯಿತೋ ತಿಳಿಯದು. ಉಳಿದ ಮೂರು ಒಂಬತ್ತು ವರ್ಷವಾದರೂ ಉರಿಯುತ್ತಿವೆ. ನಡುಮನೆಯಲ್ಲಿ ಮಿಣುಕಿದ ದೆವ್ವದ ಬಲ್ಬು ಅವುಗಳಲ್ಲಿ ಒಂದು.

ಸತ್ತವುಗಳಲ್ಲಿ ಎರಡು ಮತ್ತೆ ಬದುಕಿದವು ಎಂದೂ ಹೇಳಬೇಕು. ಸಂತೆಯ ದಿನ ಬಸ್ ನಿಲ್ದಾಣದ ಬಳಿ ಒಬ್ಬ ಹುಡುಗ ಸಾಲ್ಡರಿಂಗ್ ಕಡ್ಡಿ ಇಟ್ಟುಕೊಂಡು ಕೂರುತ್ತಿದ್ದ. ಮುಚ್ಚಳ ತೆಗೆದು ತೋರಿಸಿದ: ಹಳದಿ ಚುಕ್ಕಿಗಳ ಸಾಲಿನಲ್ಲಿ ಒಂದರ ನೆತ್ತಿ ಮಾತ್ರ ಕಪ್ಪು. ಒಂದರ ಹಿಂದೆ ಒಂದು ಪೋಣಿಸಿದ ಚುಕ್ಕಿಗಳು, ಹಾಗಾಗಿ ಒಂದು ಸುಟ್ಟರೆ ಸಾಲೆಲ್ಲ ಕತ್ತಲೆ. ಸುಟ್ಟದ್ದನ್ನು ಕಿತ್ತು ಆ ಜಾಗಕ್ಕೆ ಒಂದು ಹನಿ ಸೀಸ ಹಾಕಿದ, ದೀಪ ಹತ್ತಿತು. ಇಪ್ಪತ್ತು ರೂಪಾಯಿ. ಉಳಿದ ಚುಕ್ಕಿಗಳ ಮೇಲೆ ಭಾರ ಹೆಚ್ಚುವುದರಿಂದ ಅದು ಹೆಚ್ಚು ಕಾಲ ಬಾಳಲಿಕ್ಕಿಲ್ಲ ಎಂದು ಅವನೇ ಹೇಳಿದ. ಉಜಾಲಾದ ಲೆಕ್ಕದಲ್ಲಿ ದೇಶಕ್ಕೆಲ್ಲ ಹಂಚಿದ್ದು 36 ಕೋಟಿಗೂ ಹೆಚ್ಚು ಬಲ್ಬು. ಸಗಟು ಖರೀದಿಯ ಜೋರಿನಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ಬೆಲೆ ಎರಡೇ ವರ್ಷದಲ್ಲಿ 38ಕ್ಕೆ ಇಳಿಯಿತು. ಅವೆಲ್ಲ ಒಂದಲ್ಲ ಒಂದು ದಿನ ಕೆಡುತ್ತವಲ್ಲ, ಆಗ ಆ ಹುಡುಗನಂಥವರು ಊರಿಗೊಬ್ಬರಿದ್ದರೂ ಸಾಲದು.

ಬುರುಡೆ ಬಲ್ಬಿನ ದೊಡ್ಡ ದೋಷ ಎಂದರೆ ಅದು ನುಂಗಿದ ಕರೆಂಟಿನಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ಶಾಖವಾಗಿ ಹೋಗುತ್ತಿದ್ದದ್ದು. ಪುಸ್ತಕದಲ್ಲಿ ಅದು ನಷ್ಟ. ಮಲೆನಾಡಿನ ಮಳೆಗಾಲದಲ್ಲಿ ಅಲ್ಲ. ಅಪ್ಪಯ್ಯನ ಪುಸ್ತಕದ ಕಪಾಟಿನೊಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು 'ಜೀರೋ' ಬಲ್ಬು ಉರಿಯುತ್ತಿತ್ತು, ಪುಸ್ತಕಕ್ಕೆ ಬೂಸಲು ಹಿಡಿಯದಿರಲಿ ಎಂದು. ಕೋಳಿಮರಿ ಸಾಕುವವರು ಬುಟ್ಟಿಯ ಮೇಲೆ 60ರ ಬಲ್ಬು ಇಳಿಬಿಡುತ್ತಿದ್ದರು. ಆ ಕೆಲಸಕ್ಕೆ ಎಲ್‌ಇಡಿ ಹಾಕಿದರೆ ಮರಿಗಳು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಾ ಚಳಿಗೆ ಸಾಯುತ್ತವೆ. ಕಪಾಟಿನಲ್ಲಿ ನಾನು ಈಗಲೂ ಹಳೆಯ ಬಲ್ಬನ್ನೇ ಇಟ್ಟಿದ್ದೇನೆ.

ಅಂದ ಹಾಗೆ ಆ ಜೀರೋ ಬಲ್ಬಿನಷ್ಟು ಸುಳ್ಳು ಹೆಸರು ಇನ್ನೊಂದಿಲ್ಲ. ಅದು ತಿನ್ನುವುದು 12ರಿಂದ 15 ವಾಟ್. ಹಿಂದಿನ ಕಾಲದ ಮೀಟರುಗಳಿಗೆ ಅದೊಂದೇ ಉರಿದರೆ ಗೊತ್ತಾಗುತ್ತಿರಲಿಲ್ಲ ಎಂದು ಆ ಹೆಸರು ಬಂತೆನ್ನುತ್ತಾರೆ. ದೇವರ ಮನೆಯಲ್ಲಿ ರಾತ್ರಿಯಿಡೀ ಉರಿಯುವ ಜೀರೋ ಬಲ್ಬು ಹತ್ತು ಕೊಡ ನೀರು ಕುಡಿಯುತ್ತದೆ. ನಡುಮನೆಯನ್ನೆಲ್ಲ ಬೆಳಗುವ ಎಲ್‌ಇಡಿ ಅದೇ ರಾತ್ರಿಯಿಡೀ ಉರಿದರೂ ಆರು ಕೊಡ.

ಇಷ್ಟೆಲ್ಲ ಉಳಿತಾಯದ ನಡುವೆ ಮೈಸೂರಿನ ನನ್ನ ಮನೆಯ ಕಥೆ ಕೇಳಿ. ಕಟ್ಟುವಾಗ ಒಳಾಂಗಣ ಮಾಡುವವರು ಫಾಲ್ಸ್ ಸೀಲಿಂಗ್ ಹಾಕಿ ತೂತು ಕೊರೆಯುತ್ತ ಹೋದರು. ಎಲ್‌ಇಡಿ ತಾನೇ, ಎಷ್ಟು ಕರೆಂಟು ತಿನ್ನುತ್ತದೆ ಎಂದು ನಾನೂ ಸುಮ್ಮನಿದ್ದೆ. ಗೃಹಪ್ರವೇಶವಾದ ಮೇಲೆ ಎಣಿಸಿದರೆ 36 ದೀಪ. ಸರಾಸರಿ 9 ವಾಟ್ ಹಿಡಿದರೆ 324 ವಾಟ್. ಊರಿನ ಮನೆಯ ಎಂಟು ಬುರುಡೆ ಬಲ್ಬಿನದು 320! ಅಪ್ಪಯ್ಯನ ಮನೆಯಷ್ಟೇ ಕರೆಂಟು, ನಾಲ್ಕೂವರೆ ಪಟ್ಟು ದೀಪ. ಮನೆಯಲ್ಲಿ ಎಲ್ಲಿಯೂ ನೆರಳೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕುವುದಿಲ್ಲ ಎನ್ನುವುದು ನನ್ನ ಸಮರ್ಥನೆ. ಹಬ್ಬದ ದಿನ, ನೆಂಟರು ಬಂದ ದಿನ ಎಲ್ಲವನ್ನೂ ಹಾಕುತ್ತೇವೆ ಎನ್ನುವುದು ಸತ್ಯ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರ ಬಂದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ಹೇಳಿದ್ದ. ಅವನಿಗೆ ನಮ್ಮ ಫಾಲ್ಸ್ ಸೀಲಿಂಗ್ ತೋರಿಸಬೇಕಿತ್ತು.

ಮಗಳು ಕೋಣೆಯ ದೀಪ ಆರಿಸದೆ ಕಾಲೇಜಿಗೆ ಹೋದರೆ ನಾನು ಅಮ್ಮಮ್ಮನಂತೆ ಗೊಣಗುತ್ತೇನೆ. ಒಂದು ದಿನ ಅವಳೇ ಲೆಕ್ಕ ಒಪ್ಪಿಸಿದಳು. "ಅಪ್ಪಾ, ನೀವು ಬೆಳಗ್ಗೆ ಕಾಲು ಗಂಟೆ ಹಾಕುವ ಗೀಸರಿನ ಕರೆಂಟಿನಲ್ಲಿ ಈ ಬಲ್ಬು 55 ಗಂಟೆ ಉರಿಯುತ್ತದೆ." ಎರಡು ಕಿಲೋವಾಟ್‌ನ ಗೀಸರು, ಲೆಕ್ಕ ಸರಿಯಾಗಿಯೇ ಇದೆ. ತಲೆಯ ಮೇಲೆ ತಿರುಗುವ ಹಳೆಯ ಫ್ಯಾನು 75 ವಾಟ್, ಅಂದರೆ ಎಂಟು ಬಲ್ಬು. ಅದನ್ನು ಬದಲಿಸಿ ಕಡಿಮೆ ಕರೆಂಟಿನ ಮೋಟಾರಿರುವ ಹೊಸ ಬಿಎಲ್‌ಡಿಸಿ ಫ್ಯಾನು ಹಾಕಿದರೆ 30 ವಾಟ್‌ಗೆ ಇಳಿಯುತ್ತದೆ ಎಂದು ಗೊತ್ತಿದ್ದೂ ನಾನು ಬದಲಿಸಿಲ್ಲ. ಉಳಿಸಬೇಕಾದ ಜಾಗ ಬೇರೆಡೆ ಹೋಗಿದೆ, ನನ್ನ ಕೈ ಮಾತ್ರ ಇನ್ನೂ ದೀಪದ ಸ್ವಿಚ್ಚಿನ ಮೇಲೆಯೇ ಇದೆ.

2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ ಉಚಿತ ವಿದ್ಯುತ್ತು. ಆದರೆ ಎಲ್ಲರಿಗೂ 200 ಅಲ್ಲ. 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ. ವರ್ಷಗಟ್ಟಲೆ ಬಲ್ಬು ಬದಲಿಸಿ, ಸ್ವಿಚ್ ಆರಿಸಿ ಉಳಿಸಿದ್ದ ಅಮ್ಮನಿಗೆ ಸಿಕ್ಕಿದ ಗೆರೆ ಬಹಳ ಕೆಳಗೆ. ಎರಡು ಫ್ರಿಜ್ಜು ಇಟ್ಟ ನೆಂಟರ ಮನೆಗೆ ಸಿಕ್ಕಿದ್ದು ಅದರ ಮೂರು ಪಟ್ಟು. ತೀರಾ ಕಡಿಮೆ ಬಳಸುವವರಿಗೆ ಶೇಕಡಾ ಲೆಕ್ಕದ ಬದಲು 10 ಯೂನಿಟ್ ಹೆಚ್ಚು ಕೊಡುವಂತೆ ಆಮೇಲೆ ತಿದ್ದುಪಡಿಯಾಯಿತು. ಯೋಜನೆ ಬಡವರ ಮನೆಗೆ ಎಷ್ಟು ಆಸರೆಯಾಗಿದೆ ಎಂದು ನೋಡಿದ್ದೇನೆ, ಅದನ್ನು ಹಳಿಯುವುದಿಲ್ಲ. ಉಳಿಸಿದವರನ್ನು ಗುರುತಿಸುವ ದಾರಿ ಮಾತ್ರ ಅದರಲ್ಲಿರಲಿಲ್ಲ. ಶೂನ್ಯ ಬಿಲ್ಲು ಬಂದ ಮೊದಲ ತಿಂಗಳು ಅಮ್ಮ ಫೋನಿನಲ್ಲಿ ಹೇಳಿದ್ದು: "ದುಡ್ಡು ಕೊಡದೆ ದೀಪ ಉರಿಸಿದರೆ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತದೆ."

ಆದರೂ ಅಮ್ಮನೂ ಬದಲಾದರು. ಅಪ್ಪಯ್ಯ ಹೋದ ಮೇಲೆ ಒಬ್ಬರೇ. ಊರಿನಲ್ಲಿ ಚಿರತೆ ಬಂದು ಎರಡು ನಾಯಿ ಎತ್ತಿಕೊಂಡು ಹೋದಾಗ ನಾನೇ 30 ವಾಟ್‌ನ ಎಲ್‌ಇಡಿ ಫ್ಲಡ್‌ಲೈಟ್ ತಂದು ಅಂಗಳಕ್ಕೆ ಹಾಕಿದೆ. ಸಂಜೆಯಿಂದ ಬೆಳಗಿನವರೆಗೆ ಅಂಗಳ, ಬಾವಿಕಟ್ಟೆ, ತೋಟದ ಬೇಲಿ ಎಲ್ಲ ಹಗಲಿನಂತೆ. ಮರುವರ್ಷ ಜೂನ್ ಮೊದಲ ವಾರ ಹೋಗಿದ್ದಾಗ ರಾತ್ರಿ ಜಗುಲಿಯಲ್ಲಿ ಕೂತು ಏನೋ ಕೊರತೆ ಎನ್ನಿಸಿತು. ಮಳೆ ಹಿಡಿಯುವ ಹೊತ್ತಿಗೆ ತೋಟದಂಚಿನ ಮರಗಳಲ್ಲಿ ಮಿಂಚುಹುಳಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದು ನಮ್ಮ ಮನೆಯಿಂದ ಕಾಣುತ್ತಿತ್ತು. ಆ ದಿಕ್ಕು ಖಾಲಿ. ಮನೆಯ ಹಿಂದೆ, ಬೆಳಕು ಬೀಳದ ಹಳ್ಳದ ಕಡೆ ಹೋಗಿ ನೋಡಿದರೆ ಅಲ್ಲಿದ್ದವು. ಮಿಂಚುಹುಳ ಮಿನುಗುವುದು ಸಂಗಾತಿಗೆ ಕಾಣಲೆಂದು. ಫ್ಲಡ್‌ಲೈಟಿನ ಎದುರು ಅದರ ದೀಪ ಯಾರಿಗೆ ಕಾಣಬೇಕು?

ಅಮ್ಮನಿಗೆ ಹೇಳಿದೆ. "ಹುಳ ನೋಡುತ್ತ ಕೂರುವುದಕ್ಕೆ ಚಿರತೆ ಬಿಡಬೇಕಲ್ಲ" ಎಂದರು. ಅದೂ ಸರಿಯೇ. ಬೇಲಿಯ ಕಡೆ ಮುಖಮಾಡಿದ್ದ ದೀಪವನ್ನು ಕೊಟ್ಟಿಗೆಯ ಬಾಗಿಲಿಗೆ ಮಾತ್ರ ಬೀಳುವಂತೆ ತಿರುಗಿಸೋಣ ಎಂದು ಏಣಿ ತಂದೆ. ತಿರುಗಿಸುತ್ತ ಮಾತಿಗೆ ಹೇಳಿದೆ: ಇದು ರಾತ್ರಿಯೆಲ್ಲ ಉರಿದರೆ ಇಪ್ಪತ್ತು ಕೊಡ ನೀರು ಅಮ್ಮ, ಹಿಂದೆ ನಡುಮನೆಯಲ್ಲಿದ್ದ 60ರ ಬುರುಡೆ ಬಲ್ಬು ಒಂದು ಸಂಜೆ ಕುಡಿಯುತ್ತಿದ್ದಷ್ಟೇ.

ಏಣಿ ಹಿಡಿದು ನಿಂತಿದ್ದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಪ್ಪತ್ತೇ?" ಎಂದರು. ಆಮೇಲೆ, "ಅಮ್ಮ ಇದ್ದಿದ್ದರೆ ನಮ್ಮಿಬ್ಬರನ್ನೂ ಬಾವಿಗೆ ಕಳಿಸುತ್ತಿದ್ದಳು" ಎಂದರು.

ಮುಂದಿನ ಸಲ ರಾತ್ರಿ ಬಸ್ಸಿಳಿದು ಮನೆಗೆ ಹೋದಾಗ ಅಂಗಳ ಕಪ್ಪಗಿತ್ತು. ದಣಪೆ ದಾಟಿ ಮೆಟ್ಟಿಲು ಕಾಣದೆ ಎಡವಿ ಮೊಣಕಾಲು ತರಚಿಕೊಂಡೆ. ಸದ್ದು ಕೇಳಿ ಅಮ್ಮ ಒಳಗಿನಿಂದ ಟಾರ್ಚು ಹಿಡಿದು ಬಂದರು, ಅದೂ ಎಲ್‌ಇಡಿಯದೇ. ನನ್ನ ಮೊಣಕಾಲಿನ ಮೇಲೆ ಬೆಳಕು ಬಿಟ್ಟು ನೋಡಿ, ರಕ್ತ ಬಂದಿಲ್ಲ ಎಂದು ಖಾತ್ರಿಯಾದ ಕೂಡಲೇ ಟಾರ್ಚು ಆರಿಸಿದರು.